ಹಣೆಗೆ ಹತ್ತಿದ ಹೆಪ್ಪು

“ನಿನ್ನ ಮಗಳಿಗೆ ಈಗೀಗ ಭಕ್ತಿ ಭಾಳ ಬಂದದ ನೋಡು,” ಎಂದಳು ನಿಂಬೆವ್ವ, ರೊಟ್ಟಿ ಬಡಿಯುವ ಕೈಯನ್ನು ನಿಲ್ಲಿಸದೆ. “ಮುಂಜಾನೆ ಹಚ್ಕೋತಾಳ, ಸಂಜೀಕ ಹಚ್ಕೋತಾಳ, ನಡುವ ಮನೀಗಿ ಬಂದ್ಲಂದ್ರ ಮತ್ತ ಜಗಲಿ ಮುಂದ ನಿಂದರ್ತಾಳ. ಹೊಸಾ ವಿಭೂತಿ ಗಟ್ಟಿ ಆಗ್ಲೇ ಬೆರಳಷ್ಟಾಗೇದ. ಹಿಂಗಾದ್ರ ಮಠದಾಗ ಅಯ್ಯನವ್ರಿಗೂ ಉಳಿಯಂಗಿಲ್ಲ.”

“ಪರೀಕ್ಷಾ ಹತ್ರ ಬಂದಾಗ ಎಲ್ಲಾರ್ಗೂ ದೇವ್ರು ನೆನಪಾಗ್ತಾನ್ರೀ ಅತ್ತಿ,” ಎಂದಳು ಸೊಸೆ ಮಹಾನಂದಾ, ಡಬ್ಬಿಗೆ ಶೇಂಗಾ ಹಿಂಡಿ ತುಂಬುತ್ತ. “ನಾಳೆ ಸೈಕಲ್ ಆಯ್ಕಿ ಅದಲ್ಲ.”

“ಆಯ್ಕಿಗೆ ಅಂತ ಹಚ್ಚಿದ್ರೂ ಹಚ್ಚಲಿ. ನೀ ಆಕೀ ವಯಸ್ಸಿನ್ಯಾಗ ಖಾಲಿ ಹಣೀಲೆ ಅಡ್ಡಾಡ್ತಿದ್ದಿ ಅಂತ ನಿಮ್ಮವ್ವನ ಹೇಳ್ಯಾಳ.”

ಮಹಾನಂದಾ ನಕ್ಕು ಡಬ್ಬಿಯ ಮುಚ್ಚಳ ಒತ್ತಿದಳು. ಅಷ್ಟರಲ್ಲಿ ಒಳಗಿನಿಂದ ದಾನೇಶ್ವರಿ ಬಂದಳು. ಹದಿನೈದರ ಹುಡುಗಿ, ಸೈಕಲ್ ತುಳಿದು ತುಳಿದು ಬಿಗಿಯಾದ ಕಾಲು, ಯಾವಾಗಲೂ ಹೊರಗೆ ಓಡಲು ತಯಾರಾಗಿ ನಿಂತಂಥ ಮೈ. ಹಣೆಯ ಮೇಲೆ ಮೂರು ಪಟ್ಟೆ, ಗೋಡೆಗೆ ಸುಣ್ಣ ಬಳಿದಷ್ಟು ದಪ್ಪ. ಕಿವಿಯ ಹತ್ತಿರ ಇಳಿದಿದ್ದ ಕೂದಲನ್ನು ಹಿಂದೆ ಸರಿಸೋಣವೆಂದು ತಾಯಿ ಕೈ ಚಾಚಿದರೆ ಹುಡುಗಿ ಬೆಂಕಿ ತಗುಲಿದವಳಂತೆ ಹಿಂದಕ್ಕೆ ಸರಿದಳು.

“ವಿಭೂತಿ ಅಳಸ್ತದ ಬೇ.”

“ಅಳಸಿದ್ರ ಆಯಿ ಮತ್ತ ಹಚ್ತಾಳ ತಗೋ.”

“ಹೊತ್ತಾಯ್ತು,” ಎಂದವಳೇ ಡಬ್ಬಿ ಕಸಿದುಕೊಂಡು, ಎರಡೂ ಕೈಯಿಂದ ಮೆಲ್ಲಗೆ, ತುಂಬಿದ ಕೊಡ ತಲೆಗೇರಿಸುವ ಹಾಗೆ ಹೆಲ್ಮೆಟ್ ಇಟ್ಟುಕೊಂಡಳು. ಗದ್ದದ ಪಟ್ಟಿ ಟಕ್ಕೆಂದಿತು. ಹೆಲ್ಮೆಟ್ಟಿನ ಮುಂದೆ ಹಸಿರು ಚುಕ್ಕಿ ಹೊತ್ತಿತು, ಅಂಗಳದ ಸೈಕಲ್ಲಿನ ಬೀಗ ತಾನಾಗಿ ಬಿಚ್ಚಿತು. ಹುಡುಗಿ ಹೋದಳು. ಹೋಗುವಾಗ ಅವಳು ಹಲ್ಲು ಕಚ್ಚಿದ್ದು ತಾಯಿಯ ಕಣ್ಣಿಗೆ ಬಿತ್ತು. ನಾಳಿನ ಆಯ್ಕೆಯ ಹಟ ಅಂದುಕೊಂಡಳು ಮಹಾನಂದಾ. ಹಾಗೆ ಅಂದುಕೊಳ್ಳುವುದು ಸುಲಭವಾಗಿತ್ತು.

ಕೋಟೆ ಗೋಡೆಯ ಒಳಗೆ ಎಂಜಿನ್ ಗಾಡಿಗಳನ್ನು ನಿಲ್ಲಿಸಿದ ಮೇಲೆ ವಿಜಯಪುರಕ್ಕೆ ವಿಜಯಪುರವೇ ಸೈಕಲ್ ಏರಿತ್ತು. ಮೊದಲೇ ಈ ಊರಿಗೆ ಸೈಕಲ್ಲಿನ ಹುಚ್ಚು. ಈಗ ಬೇರೆ ದಾರಿಯೂ ಇರಲಿಲ್ಲ. ಆದರೆ ಬಿಸಿಲು ವರ್ಷದಿಂದ ವರ್ಷಕ್ಕೆ ಏರಿ, ಹೆಲ್ಮೆಟ್ ಹಾಕಿದ ತಲೆಯೆಲ್ಲ ಬೆವರುಸಾಲೆ. ಹಣೆಯ ಸುತ್ತ ಕೆಂಪು ಬರೆ, ಕಿವಿಯ ಮೇಲೆ ಗುಳ್ಳೆ, ಮಕ್ಕಳು ಪಾಠ ಕೇಳುವುದು ಬಿಟ್ಟು ಹಣೆ ಕೆರೆಯುತ್ತ ಕೂರುತ್ತಿದ್ದವು. ಒಳಗಿನ ಸ್ಪಂಜು ಬೆವರು ಕುಡಿದು ನಾರುತ್ತಿತ್ತು. ಆಗ ಬಂದದ್ದು ಈ ಹೊಸ ಹೆಲ್ಮೆಟ್. ಇದರೊಳಗೆ ಸ್ಪಂಜಿನ ಬದಲು ಜೀವ ಇರುವ ಒಂದು ಪದರ. ಕಂಪನಿಯವರು ಅದಕ್ಕೆ ಏನೋ ಉದ್ದನೆಯ ಹೆಸರಿಟ್ಟಿದ್ದರು. ಜನ ‘ಹೆಪ್ಪು’ ಅಂದರು, ಅದೇ ಉಳಿಯಿತು. ನಿಜಕ್ಕೂ ಅದು ಮೊಸರಿನ ಹೆಪ್ಪಿನ ದಾಯಾದಿಯೇ. ಬೆವರನ್ನು ಕುಡಿಯುತ್ತಿತ್ತು, ತಂಪು ಕೊಡುತ್ತಿತ್ತು, ತಲೆಯ ಆಕಾರಕ್ಕೆ ತಾನೇ ಬೆಳೆದುಕೊಳ್ಳುತ್ತಿತ್ತು. ಮೊದಲ ವರ್ಷ ಊರಲ್ಲಿ ಒಂದು ಹಣೆಯೂ ಕೆರೆಯಲಿಲ್ಲ.

ಎರಡನೆಯ ವರ್ಷದ ಈ ಶ್ರಾವಣದಲ್ಲಿ ತುರಿಕೆ ಮತ್ತೆ ಬಂದಿತ್ತು. ಬಂದದ್ದು ಬೆವರುಸಾಲೆ ಆಗಿರಲಿಲ್ಲ.

*

“ಸಿದ್ರಾಮನ್ನ ನೋಡ್ಕೊಂಡು ಬಂದೆ,” ಎಂದರು ಗಲಗಲಿ ಸರ್, ಹೆಲ್ಮೆಟ್ ಕಂಪನಿಯ ನಿಗಾ ಕೋಣೆಯ ಬಾಗಿಲಲ್ಲೇ ನಿಂತು. ಭಾನುವಾರವಾದರೂ ಇಬ್ಬರೂ ಬಂದಿದ್ದರು. ರಜೆ ಅನ್ನುವ ಮಾತು ಆಡುವ ಸ್ಥಿತಿ ಇರಲಿಲ್ಲ. “ಹುಬ್ಬಿನ ತನಕಾ ಇಳದದರೀ. ಚರ್ಮದ ಕೆಳಗ ಹೆಪ್ಪಿನ ಎಳಿ ಕಾಣಸ್ತಾವ, ಬಿಳಿ ದಾರ ಹೊಲದಂಗ. ಕಣ್ಣಿಗೆ ಮುಟ್ಟಿದ್ರ ಏನು ಅಂತ ಕೇಳಿದೆ. ನೋಡೂಣು ಅಂದ್ರು ಡಾಕ್ಟರು.”

ಸಿದ್ರಾಮ, ದಾನೇಶ್ವರಿಯ ಜೊತೆ ಟ್ರ್ಯಾಕಿನಲ್ಲಿ ಸೈಕಲ್ ಓಡಿಸುವ ಹುಡುಗ. ಮಹಾನಂದಾ ಕುರ್ಚಿ ಎಳೆದು ಗಲಗಲಿಯವರನ್ನು ಕೂರಿಸಿದಳು. ಅವರು ಹೆಪ್ಪನ್ನು ಬೆಳೆಸುವ ವಿಜ್ಞಾನಿ, ಅವಳು ಊರಿನ ಹೆಲ್ಮೆಟ್ಟುಗಳು ಕಳಿಸುವ ಸುದ್ದಿಯನ್ನು ಪರದೆಯ ಮೇಲೆ ಕಾಯುವವಳು. ಇಬ್ಬರೂ ಮೂರು ವಾರದಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ.

“ಊರಿನ ಹಣಿ ಹುಳಿ ಇವತ್ತು ಇನ್ನೂ ಕೆಳಗ ಹೋಗೇದ ನೋಡ್ರಿ ಸರ,” ಎಂದು ಪರದೆ ತೋರಿಸಿದಳು.

ಗಲಗಲಿ ನೋಡಿದರು. ಆರೋಗ್ಯವಾಗಿರುವ ಚರ್ಮಕ್ಕೆ ಸ್ವಲ್ಪ ಹುಳಿ ಇರುತ್ತದೆ. ಆ ಹುಳಿಯೇ ಅದರ ಕಾವಲು. ಅದಿರುವ ತನಕ ಹೊರಗಿನ ಕ್ರಿಮಿ ಸುಲಭವಾಗಿ ಒಳಗೆ ಬರುವುದಿಲ್ಲ. ಹೆಪ್ಪಿನ ಮುಖ್ಯ ಕೆಲಸವೇ ಅದನ್ನು ಕಾಯುವುದು. ಹಣೆಯ ಹುಳಿ ಕಡಿಮೆಯಾಯಿತೆಂದು ಅನಿಸಿದರೆ ಹೆಪ್ಪು ತನ್ನ ಹುಳಿಯನ್ನು ಒಸರಿ ತುಂಬಿಕೊಡುತ್ತದೆ. ಎಷ್ಟು ಒಸರಬೇಕು ಎನ್ನುವುದನ್ನು ಒಂದೊಂದು ಹೆಲ್ಮೆಟ್ಟೂ ತಾನೇ ತೀರ್ಮಾನಿಸುವುದಿಲ್ಲ. ದೂರದ ಮುಖ್ಯ ಕಚೇರಿಯಲ್ಲಿ ಈ ವರ್ಷ ಕೂರಿಸಿದ ಒಂದು ಯಂತ್ರವಿದೆ. ಊರಿನ ಎಲ್ಲ ಹಣೆಗಳ ಲೆಕ್ಕ ಅದಕ್ಕೆ ಹೋಗುತ್ತದೆ. ಅದು ಊರಿಗೊಂದು ಪ್ರಮಾಣ ಗೊತ್ತುಮಾಡಿ, ಮುಂಜಾನೆ ಜನ ಸೈಕಲ್ ಏರಿದ ಮೇಲೆ ಎಂಟಕ್ಕೆ ಎಲ್ಲ ಹೆಲ್ಮೆಟ್ಟುಗಳಿಗೂ ಕಳಿಸುತ್ತದೆ.

“ಈ ಊರಿನ ಚರ್ಮ ಹುಳಿ ಕಳಕೊಳ್ಳಿಕ್ಕೆ ಹತ್ತೇದ,” ಎಂದರು ಗಲಗಲಿ. ದನಿ ತೀರ ಸಣ್ಣದಾಗಿತ್ತು. “ಒಬ್ರು ಇಬ್ರದಲ್ಲ, ಇಡೀ ಊರಿಂದು. ಅದರಾಗ ಟ್ರ್ಯಾಕಿನ ಹುಡುಗ್ರದು ಎಲ್ಲಾರ್ಕಿಂತ ಕೆಟ್ಟದು. ನೀರು ನೋಡಿದೆ, ಸಾಬೂನು ನೋಡಿದೆ. ಏನೂ ಇಲ್ಲ. ಇದು ಯಾವ್ದೋ ಹೊಸಾ ರೋಗ ಇದ್ರ, ಅದು ಹೆಪ್ಪಿನಿಂದ್ಲೇ ಹುಟ್ಟಿದ್ದಿದ್ರ, ನಾ ಏನು ಮಾಡ್ಲಿ ಮಹಾನಂದಾ ಅವ್ರ?”

“ನಮ್ಮಲ್ಲಿ ಪರೀಕ್ಷಾಕ್ಕ ಬಂದವ್ರ ಹಣ್ಯಾಗ ಹುಳಿ ಸರಿ ಇರ್ತದಲ್ರೀ.”

“ಅದೇ ತಿಳೀವಲ್ದು. ನಾ ಖುದ್ದ ಸ್ಪಿರಿಟ್ ಹಚ್ಚಿ, ಸ್ವಚ್ಛ ಒರಸಿ, ಒಣಗಿಸಿ ನೋಡ್ತೀನಿ. ಗಾಯ ಅದ, ಖರೆ. ಆದ್ರ ಸುತ್ತಲಿನ ಚರ್ಮದಾಗ ಹುಳಿ ಇರೂದು ಇದ್ದೇ ಇರ್ತದ. ಅದೇ ಮನಷ್ಯಾ ಹೆಲ್ಮೆಟ್ ಹಾಕೊಂಡು ಹೊರಗ ಹೋದಾಂದ್ರ ಇಲ್ಲ ಅಂತ ಬರ್ತದ.”

ಇಬ್ಬರೂ ಪರದೆ ನೋಡುತ್ತ ಕೂತರು. ಅದರ ಮೇಲೆ ಊರಿನ ನಕ್ಷೆ, ಬೀದಿ ಬೀದಿಯಲ್ಲಿ ಹಸಿರು ಚುಕ್ಕಿಗಳು ಹರಿದಾಡುತ್ತಿದ್ದವು. ಟ್ರ್ಯಾಕಿನ ಗುಂಡನೆಯ ದಾರಿಯಲ್ಲಿ ಕೆಲವು ಚುಕ್ಕಿಗಳು ಸುತ್ತುತ್ತಿದ್ದವು, ಒಂದರ ಹಿಂದೆ ಒಂದು. ಅವುಗಳಲ್ಲಿ ಯಾವುದು ತನ್ನ ಮಗಳೆಂದು ಅವಳಿಗೆ ಗೊತ್ತಿತ್ತು. ಎಲ್ಲಕ್ಕಿಂತ ಮುಂದಿದ್ದದ್ದು.

*

ಸಂಜೆ ಮನೆಗೆ ಬಂದಾಗ ಹುಡುಗಿ ಕನ್ನಡಿಯ ಮುಂದೆ ಇದ್ದಳು. ತಾಯಿಯ ಹೆಜ್ಜೆ ಕೇಳಿ ಗಬಕ್ಕನೆ ಜಗಲಿಯತ್ತ ತಿರುಗಿ ವಿಭೂತಿ ಗಟ್ಟಿಗೆ ಕೈ ಹಾಕಿದಳು. ನಿಂಬೆವ್ವ ಹೊರಗೆ ಕಟ್ಟೆಯ ಮೇಲೆ ಕೂತು ಪಕ್ಕದ ಮನೆಯವಳಿಗೆ ಮೊಮ್ಮಗಳ ಭಕ್ತಿಯ ಕಥೆಯನ್ನೇ ಹೇಳುತ್ತಿದ್ದಳು.

ಮೂಗಿಗೆ ಏನೋ ಬಡಿಯಿತು. ಮಹಾನಂದಾ ದಿನವೂ ಕಂಪನಿಯ ಪ್ರಯೋಗಾಲಯದಲ್ಲಿ ಉಸಿರಾಡುವ ವಾಸನೆ ಅದು, ಹಳೆಯ ಮೊಸರಿನ ವಾಸನೆ. ಆದರೆ ಹೆಲ್ಮೆಟ್ ಬಾಗಿಲ ಹೊರಗೆ ಗೂಟಕ್ಕೆ ನೇತಾಡುತ್ತಿತ್ತು. ವಾಸನೆ ಬಂದದ್ದು ಮಗಳ ಕಡೆಯಿಂದ.

“ಇಲ್ಲಿ ಬಾ.”

“ಯಾಕ?”

“ಬಾ ಅಂದ್ನಿ.”

“ಕಾಲ್ಮಡಿಗಿ ಹೋಗ್ಬೇಕಾಗೇದ.”

“ದಾನವ್ವಾ.”

ಹುಡುಗಿ ಬರಲಿಲ್ಲ. ತಾಯಿಯೇ ಹೋಗಿ, ಗದ್ದ ಹಿಡಿದು, ಸೆರಗಿನ ತುದಿಯನ್ನು ತಂಬಿಗೆಯ ನೀರಿನಲ್ಲಿ ಅದ್ದಿ ಮೊದಲ ಪಟ್ಟೆಯ ಮೇಲೆ ಇಟ್ಟಳು. ಹುಡುಗಿ ಕೂಗಲಿಲ್ಲ. ಬರಿ ತಾಯಿಯ ರಟ್ಟೆಯನ್ನು ಗಟ್ಟಿಯಾಗಿ ಹಿಡಿದಳು, ಉಗುರು ನೆಡುವಷ್ಟು.

ವಿಭೂತಿ ಕರಗಿ ಇಳಿಯಿತು. ಕೆಳಗೆ ಚರ್ಮವಿರಲಿಲ್ಲ. ಸುಲಿದ ಹಣ್ಣಿನಂಥ ಹಸಿ ಕೆಂಪು, ಅದರೊಳಗೆ ಅಲ್ಲಲ್ಲಿ ಬಿಳಿಯ ಎಳೆ, ತೀರ ನವಿರಾದದ್ದು. ಮಹಾನಂದಾ ಬಗ್ಗಿ ನೋಡಿದಳು. ಒಂದು ಎಳೆ ಬಲಗಡೆಯ ಹುಬ್ಬಿನತ್ತ ಹೊರಟಿತ್ತು. ಅವಳು ಸೆರಗಿನ ತುದಿಯನ್ನು ಹಿಂದಕ್ಕೆಳೆದಳು.

“ಎಂದಿನಿಂದ?”

“ಪಂಚಮಿಗಿಂತ ಮೊದ್ಲಿಂದ.”

“ಯಾಕ ಹೇಳ್ಲಿಲ್ಲ?”

“ಹೇಳಿದ್ರ ಕೋಚ್ ಬಿರಾದಾರ ಸರು ಆಯ್ಕಿ ಬಿಡಿಸಿ ಕೂಡಿಸಿಬಿಡ್ತಾರ. ಹಣಿ ಮ್ಯಾಲ ಗುಳ್ಳಿ ಕಂಡವ್ರನ್ನೆಲ್ಲಾ ಕೂಡ್ಸ್ಯಾರ. ನಾಳೆ ಒಂದ ದಿನಾ ಅವ್ವಾ. ಆಯ್ಕಿ ಆತಂದ್ರ ಕ್ರೀಡಾ ಹಾಸ್ಟೆಲ್ಲಿನಾಗ ಅವ್ರ ಡಾಕ್ಟರು ಇರ್ತಾರ. ನಾಳೆ ಒಂದ ದಿನಾ.” ಹುಡುಗಿ ಬಿಕ್ಕಿದಳು. “ಮೊದಲ ಸಿದ್ರಾಮ ಹೇಳಿಕೊಟ್ಟ. ಪೌಡರ್ ಹಚ್ಚಿದ್ರ ಸರು ಅಳಸು ಅಂತಾರ. ವಿಭೂತಿ ಅಳಸು ಅಂತ ಯಾರೂ ಅನ್ನಂಗಿಲ್ಲ. ಈಗ ಎಲ್ಲಾರೂ ಹಚ್ತಾರ. ಉರಿ ಹೆಚ್ಚಾದ್ರ ಇನ್ನಷ್ಟು ದಪ್ಪ ಹಚ್ಚೂದು.”

ಬಾಗಿಲಲ್ಲಿ ನಿಂಬೆವ್ವ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಆಮೇಲೆ ಅವಳು ನಿಧಾನವಾಗಿ ಬಂದು ಜಗಲಿಯ ಮುಂದಿನ ವಿಭೂತಿಯನ್ನು ಎತ್ತಿ, ಅದಕ್ಕೇನಾದರೂ ನೋವಾದೀತೆಂಬಂತೆ, ಬಟ್ಟೆಯಲ್ಲಿ ಸುತ್ತಿ ಉಡಿಯಲ್ಲಿ ಇಟ್ಟುಕೊಂಡಳು.

“ನಾನೂ ಅಷ್ಟ,” ಎಂದಳು. “ಗಲ್ಲಿ ಹುಡುಗ್ರಿಗೆ ಹಣಿ ಉರೀತದ ಅಂದ್ರ ಹಚ್ಕೊಳ್ರೋ, ತಂಪಾಗ್ತದ ಅಂತ ನಾನ ಕೊಟ್ಟೀನಿ.”

ವಿಭೂತಿ. ಬೂದಿ. ಮಹಾನಂದಾಳ ತಲೆಯಲ್ಲಿ ಗಲಗಲಿಯವರ ಮಾತು ತಿರುಗಿ ಬಂತು: ಒರೆಸಿದರೆ ಹುಳಿ ಇದೆ, ಹೊರಗೆ ಹೋದರೆ ಇಲ್ಲ. ಸ್ಪಿರಿಟ್ಟಿನ ಹತ್ತಿಯಲ್ಲಿ ಅವರು ಪ್ರತಿ ಸಲವೂ ಏನನ್ನು ಒರೆಸಿ ಬುಟ್ಟಿಗೆ ಎಸೆಯುತ್ತಿದ್ದರು? ಅವಳೂ ನೋಡಿದ್ದಳು, ಆ ಬುಟ್ಟಿಯನ್ನು ದಿನವೂ ನೋಡಿದ್ದಳು.

ಫೋನ್ ಎತ್ತಿದಳು. ಗಲಗಲಿಯವರಿಗೆ ಎಲ್ಲ ಹೇಳಿದಳು.

“ಬೂದಿ ಕ್ಷಾರ,” ಎಂದರು ಅವರು. “ಹುಳಿಗೆ ವಿರುದ್ಧ. ಹೆಪ್ಪಿಗೆ ಬೂದಿ ಗೊತ್ತಿಲ್ಲರೀ, ಚರ್ಮ ಅಷ್ಟೇ ಗೊತ್ತು. ಬೂದಿ ಮುಟ್ಟಿದ್ರ ಚರ್ಮ ಕೆಟ್ಟದ ಅಂತ ತಿಳೀತದ, ಹುಳಿ ಸುರೀತದ. ಹುಳಿಗೆ ಹಣಿ ಸುಡ್ತದ. ಸುಟ್ಟದ್ದು ಮುಚ್ಚಲಿಕ್ಕೆ ಮತ್ತ ಬೂದಿ. ಯಂತ್ರ ಆ ಲೆಕ್ಕಾ ನೋಡಿ ಊರಿಗೇ ಹುಳಿ ಏರಸ್ತದ, ಹಚ್ಕೊಳ್ಳದವ್ರ ಹಣಿನೂ ಸುಡ್ತದ.” ಉಸಿರು ಎಳೆದುಕೊಂಡರು. “ತೆರೆದ ಗಾಯದಾಗ ಹೆಪ್ಪು ಒಳಗ ಹೋಗಿ ಬೇರು ಬಿಡ್ತದ. ನನ್ನ ಹೆಪ್ಪು.”

“ದಾನೀದು ಏನಾಗ್ತದ ಸರ?”

“ಇನ್ನ ಮ್ಯಾಲ ಹೆಲ್ಮೆಟ್ ಮುಟ್ಟಬಾರ್ದು. ಬರಿ ನೀರಿಲೆ ತೊಳೀರಿ, ಈಗಿಂದೀಗ ದವಾಖಾನಿಗೆ ಕರ್ಕೊಂಡ ಹೋಗ್ರಿ, ಬೂದಿ ವಿಷಯ ಡಾಕ್ಟರಿಗೆ ನಾ ಹೇಳ್ತೀನಿ. ಹುಳಿ ಸಿಗದಿದ್ರ ಎಳಿ ಬೆಳೀಲಿಕ್ಕಿಲ್ಲ ಅಂತ ನನ್ನ ನಂಬಿಕಿ.” ನಂಬಿಕೆ ಅಂದರು, ಗೊತ್ತು ಅನ್ನಲಿಲ್ಲ. ಆಮೇಲೆ ಏನೋ ನೆನಪಾದವರಂತೆ ದನಿ ಏರಿಸಿದರು. “ಮಹಾನಂದಾ ಅವ್ರ, ನಾಳೆ ಶ್ರಾವಣ ಸೋಮವಾರ.”

ಅವಳಿಗೆ ಮೊದಲು ತಿಳಿಯಲಿಲ್ಲ. ಆಮೇಲೆ ತಿಳಿಯಿತು. ನಾಳೆ ಮುಂಜಾನೆ ಊರಿನ ಅರ್ಧಕ್ಕಿಂತ ಹೆಚ್ಚು ಹಣೆಗಳ ಮೇಲೆ ವಿಭೂತಿ ಇರುತ್ತದೆ. ಯಂತ್ರ ಅದನ್ನು ನೋಡುತ್ತದೆ. ಎಂಟಕ್ಕೆ ಉತ್ತರ ಕಳಿಸುತ್ತದೆ.

“ಬಂದ್ ಮಾಡ್ರಿ ಸರ ಅದನ್ನ.”

“ಮುಖ್ಯ ಕಚೇರ್ಯಾಗ ಭಾನುವಾರ ಯಾರೂ ಎತ್ತೂದಿಲ್ಲ. ನಾಳೆ ಹತ್ತಕ್ಕ ಸಭಾ ಇಟ್ಟಾರ. ಇಲ್ಲಿ ತಂತಿ ಕಿತ್ರ ಹೆಲ್ಮೆಟ್ಟು ಕಡೀಕ ಕೇಳಿದ ಪ್ರಮಾಣಾನೇ ನಡಸ್ತಾವ. ಅದೂ ಸುಡೂದೇ. ಇರೂದು ಒಂದ ದಾರಿ. ತಲಿಯಿಂದ ತೆಗೀಬೇಕು. ಎಲ್ಲಾರೂ.”

*

ಮುಂಜಾನೆ ನಿಂಬೆವ್ವ ಮೊಮ್ಮಗಳನ್ನು ಮುಂದೆ ಕೂರಿಸಿಕೊಂಡಳು. ದವಾಖಾನೆಯಲ್ಲಿ ತೊಳೆದು ಮುಲಾಮು ಹಚ್ಚಿದ ಹಣೆ ಬಯಲಾಗಿತ್ತು. ಗಾಳಿ ಆಡಬೇಕೆಂದು ಡಾಕ್ಟರು ಪಟ್ಟಿ ಕಟ್ಟಿರಲಿಲ್ಲ. ಮುದುಕಿ ವಿಭೂತಿಯನ್ನು ಉಡಿಯಿಂದ ತೆಗೆದು ಹುಡುಗಿಯ ಎರಡೂ ತೋಳಿಗೆ ಹಚ್ಚಿದಳು, ಕೊರಳಿಗೆ ಹಚ್ಚಿದಳು. ಕೈ ಹಣೆಯ ತನಕ ಏರಿ, ಅಲ್ಲೇ ಗಾಳಿಯಲ್ಲಿ ಸ್ವಲ್ಪ ಹೊತ್ತು ನಿಂತು, ಇಳಿಯಿತು.

“ನಿಂದಾ ಮಾಡಿದಂಗ ಆಗ್ಲಿಲ್ಲಲ್ಲ ಆಯಿ?”

“ಸುಳ್ಳು ಮುಚ್ಚಲಿಕ್ಕ ಹಚ್ಚಿದ್ದು ನಿಂದಾ. ಹೋಗು, ನಿಮ್ಮವ್ವನ ಕೂಡ ಹೋಗು.”

ಹೆಲ್ಮೆಟ್ ಇಲ್ಲದೆ ಸೈಕಲ್ ಬೀಗ ಬಿಚ್ಚುವುದಿಲ್ಲ. ತಾಯಿ ಮಗಳು ಟ್ರ್ಯಾಕಿನ ಕಡೆ ನಡೆದೇ ಹೊರಟರು, ಅರ್ಧ ದಾರಿ ಓಡಿದರು. ಗೂಟದ ಹೆಲ್ಮೆಟ್ಟನ್ನು ಗಲಗಲಿಯವರಿಗೆ ಒಪ್ಪಿಸಬೇಕೆಂದು ಮಹಾನಂದಾ ಚೀಲದಲ್ಲಿ ಹಾಕಿಕೊಂಡಿದ್ದಳು. ಪಕ್ಕದಲ್ಲಿ ಊರು ಸೈಕಲ್ ಮೇಲೆ ಹರಿಯುತ್ತಿತ್ತು. ಆಫೀಸಿಗೆ, ಗುಡಿಗೆ, ಶಾಲೆಗೆ. ಹೆಚ್ಚಿನವರ ಹೆಲ್ಮೆಟ್ಟಿನ ಅಂಚಿನ ಕೆಳಗೆ ಬಿಳಿಯ ಪಟ್ಟೆ ಇಣುಕುತ್ತಿತ್ತು. ಮಹಾನಂದಾ ಕೈ ಅಡ್ಡ ಮಾಡಿ ಒಂದಿಬ್ಬರನ್ನು ನಿಲ್ಲಿಸಲು ನೋಡಿದಳು. “ಏನಾಗೇದ ಈಕಿಗೆ,” ಎಂದು ಒಬ್ಬ ಗಂಟೆ ಬಾರಿಸಿ ಹೋದ. ಎಲ್ಲೋ ದೂರದಲ್ಲಿ ನಗರಸಭೆಯ ಕಸದ ಗಾಡಿಯ ಮೈಕಿನಲ್ಲಿ ಹಾಡಿನ ಬದಲು ಗಲಗಲಿಯವರ ದನಿ ಒಡೆದು ಬರುತ್ತಿತ್ತು: “ದಯಮಾಡಿ ಹೆಲ್ಮೆಟ್ ತೆಗೀರಿ, ಹಣಿ ನೀರಿಲೆ ತೊಳೀರಿ.” ಕಸದ ಗಾಡಿ ಎಂದು ಜನ ಬಕೆಟ್ ಹಿಡಿದು ಬಾಗಿಲಿಗೆ ಬರುತ್ತಿದ್ದರು.

ಟ್ರ್ಯಾಕಿನಲ್ಲಿ ಹುಡುಗರು ಸಾಲಾಗಿ ನಿಂತಿದ್ದರು, ಒಂದು ಕಾಲು ಪೆಡಲಿನ ಮೇಲೆ. ಎಲ್ಲರ ಹಣೆಯೂ ಬಿಳಿ. ಕೋಚ್ ಬಿರಾದಾರ ಸರ್ ಸೀಟಿಯನ್ನು ಬಾಯಿಗೆ ಇಟ್ಟಿದ್ದರು. ಐವತ್ತು ದಾಟಿದ ಗಟ್ಟಿ ಆಳು, ಅವರ ತಲೆಯ ಮೇಲೂ ಹೆಲ್ಮೆಟ್, ಅದರ ಕೆಳಗೆ ಗೆರೆ ಎಳೆದಂಥ ವಿಭೂತಿ.

“ಸರ, ಬ್ಯಾಡ್ರಿ, ಊದಬ್ಯಾಡ್ರಿ,” ಎಂದು ಏದುಸಿರಿನಲ್ಲೇ ಮಹಾನಂದಾ ಎಲ್ಲ ಹೇಳಿದಳು. ಅರ್ಧ ಅವರಿಗೆ ತಿಳಿಯಿತೋ ಇಲ್ಲವೋ.

“ಶ್ರಾವಣ ಸೋಮವಾರ ನನ್ನ ಹುಡುಗ್ರಿಗೆ ವಿಭೂತಿ ಅಳಸ್ರಿ ಅಂತ ನಾ ಹೇಳ್ಬೇಕೇನ್ರಿ?” ಎಂದರು ಬಿರಾದಾರ. “ಅವ್ರ ಅಪ್ಪಗೋಳು ನನ್ನ ಸುಮ್ನ ಬಿಡ್ತಾರೇನು? ಮ್ಯಾಲಿನವ್ರು ಬಂದು ಕೂತಾರ ನೋಡ್ರಿ ಅಲ್ಲಿ, ಆಯ್ಕಿ ಮಾಡಾಕ.”

“ಎಂಟಕ್ಕ ಸುಡ್ತದರೀ ಸರ.”

“ಕಂಪನಿಯವ್ರು ನೀವ. ನಿನ್ನೀ ತನಕಾ ಏನೂ ಆಗಂಗಿಲ್ಲ ಅಂದವ್ರೂ ನೀವ.”

ದಾನೇಶ್ವರಿ ಮುಂದೆ ಬಂದಳು. ಮುಖ ಎತ್ತಿ ಬಿಸಿಲಿಗೆ ಹಿಡಿದು ಸಾಲಿನ ಮುಂದೆ ನಿಂತಳು, ಒಬ್ಬೊಬ್ಬರೂ ನೋಡಲೆಂದು. ಹುಡುಗರು ನೋಡಿದರು, ನೋಡಿ ಕಣ್ಣು ತಿರುಗಿಸಿದರು. ಯಾರ ಕೈಯೂ ಗದ್ದದ ಪಟ್ಟಿಗೆ ಹೋಗಲಿಲ್ಲ. ಆಯ್ಕೆಗಾರರು ಕೂತಿದ್ದರು. ಒಬ್ಬಳ ಹಣೆ ಹೋಯಿತು ಅಂದರೆ ಒಂದು ಜಾಗ ಖಾಲಿಯಾಯಿತು ಅಂತಲೂ ಅರ್ಥ. ಆ ಅರ್ಥ ಎಲ್ಲರ ಮುಖದಲ್ಲೂ ಇತ್ತು, ಅದರ ಜೊತೆಗೆ ಹೆದರಿಕೆಯೂ ಇತ್ತು.

“ಸರ, ನಾ ಕೂಡ್ತೀನ್ರಿ,” ಎಂದಳು ಹುಡುಗಿ. “ನನ್ನ ಹೆಸರು ತೆಗೀರಿ. ಇವ್ರದು ತೆಗೀಬ್ಯಾಡ್ರಿ, ಬರೇ ತೊಳಕೊಳ್ಳಾಕ ಹೇಳ್ರಿ.”

ಬಿರಾದಾರ ಬಗ್ಗಿ ಅವಳ ಹಣೆಯನ್ನು ನೋಡಿದರು. ಸೀಟಿ ಬಾಯಿಂದ ಇಳಿದು ಎದೆಯ ಮೇಲೆ ನೇತಾಡಿತು. ಅವರು ಹೆಲ್ಮೆಟ್ ತೆಗೆದು ಕೆಳಗಿಟ್ಟರು, ಪಕ್ಕದ ಹುಡುಗನ ನೀರಿನ ಬಾಟಲಿ ಇಸಿದುಕೊಂಡು ತಲೆಯ ಮೇಲೆ ಸುರಿದುಕೊಂಡರು. ಅಂಗಿಯ ತೋಳಿನಿಂದ ಒರೆಸಿಕೊಂಡಾಗ ಗಂಟಲಿನಿಂದ ಸಣ್ಣ ದನಿ ಬಂತು.

ಕೆಳಗೆ ಅದೇ ಹಸಿ ಕೆಂಪು.

“ನಂದೂ ಅದ,” ಎಂದರು, ಯಾರ ಕಡೆಗೂ ನೋಡದೆ. “ಮೈಗೆ ರೋಗ ಹತ್ತಿದವನ ಕೈಯಾಗ ಮಕ್ಕಳನ್ನ ಕೊಡಂಗಿಲ್ಲ ಅಂತ ಹೆದರಿದ್ದೆ.” ಆಮೇಲೆ ತಮ್ಮ ಎಂದಿನ ದೊಡ್ಡ ದನಿಯಲ್ಲಿ, “ತೆಗೀರೋ. ಎಲ್ಲಾರೂ. ತೆಗದು ದೂರ ಇಡ್ರಿ, ನಳದ ಹಂತೇಕ ನಡೀರಿ.”

ಟಕ್ ಟಕ್ ಎಂದು ಪಟ್ಟಿಗಳು ಬಿಚ್ಚಿದವು. ಹುಡುಗರು ಒಬ್ಬರನ್ನೊಬ್ಬರು ನೋಡದೆ ನಳದ ಕಡೆ ಓಡಿದರು. ನೀರು ಬಿದ್ದ ಕಡೆ ನೆಲ ಬಿಳಿಯಾಗಿ ಹರಿಯಿತು. ಕೆಲವರ ಹಣೆ ಬರಿ ಕೆಂಪಾಗಿತ್ತು, ಕೆಲವರದು ನೋಡಬಾರದ ಹಾಗಿತ್ತು. ಮೇಲಿನ ಕುರ್ಚಿಗಳಲ್ಲಿ ಕೂತಿದ್ದವರು ಎದ್ದು ನಿಂತಿದ್ದರು. ಅವರಲ್ಲೊಬ್ಬರು ತಮ್ಮ ಹಣೆ ಮುಟ್ಟಿಕೊಳ್ಳುತ್ತಿದ್ದರು.

“ಆಯ್ಕಿ ಯಾವಾಗ್ರಿ ಸರ?” ಎಂದಳು ದಾನೇಶ್ವರಿ.

“ಹಣಿ ಮಾಯಲಿ. ಎಲ್ಲಾರೂ ಕೂಡೇ ಓಡೂಣು.”

“ಮಾಯ್ತದೇನ್ರಿ?”

ಬಿರಾದಾರ ಮಹಾನಂದಾಳ ಕಡೆ ನೋಡಿದರು. ಮಹಾನಂದಾ ಮಗಳ ತೋಳನ್ನು ಹತ್ತಿರಕ್ಕೆ ಎಳೆದುಕೊಂಡಳು. ಅಲ್ಲಿನ ವಿಭೂತಿ ಅವಳ ಅಂಗೈಗೆ ಹತ್ತಿತು. “ಡಾಕ್ಟರು ನೋಡಾಕತ್ತಾರ,” ಎಂದಳು.

ಸಿಮೆಂಟಿನ ಅಂಚಿನ ಮೇಲೆ ಹೆಲ್ಮೆಟ್ಟುಗಳು ಬೋರಲಾಗದೆ ಬಟ್ಟಲಿನ ಹಾಗೆ ಬಾಯಿ ತೆರೆದು ಕೂತಿದ್ದವು. ಎಂಟಾಯಿತು, ಯಂತ್ರದ ಉತ್ತರ ಬಂತು. ಒಂದರಲ್ಲಿ ಹಸಿರು ಚುಕ್ಕಿ ಹೊತ್ತಿತು. ಪಕ್ಕದ್ದರಲ್ಲಿ, ಅದರ ಪಕ್ಕದ್ದರಲ್ಲಿ, ಸಾಲಿನ ಕೊನೆಯ ತನಕ. ಮಹಾನಂದಾಳ ಚೀಲದೊಳಗಿನ ಹೆಲ್ಮೆಟ್ಟಿನಲ್ಲೂ ಹೊತ್ತಿತು. ಆಮೇಲೆ ಒಳಗಿನ ಹೆಪ್ಪು ಮೆಲ್ಲಗೆ ಉಬ್ಬಿ, ಯಾವ ಹಣೆಯೂ ಇಲ್ಲದ ಜಾಗಕ್ಕೆ ಹನಿ ಹನಿಯಾಗಿ ಒಸರತೊಡಗಿತು. ಬಟ್ಟಲು ಬಟ್ಟಲಿನ ತಳದಲ್ಲಿ ಬೆಳ್ಳಗೆ ನಿಂತಿತು. ಹುಳಿ ಮೊಸರಿನ ವಾಸನೆ ಟ್ರ್ಯಾಕಿನ ತುಂಬ ಹಬ್ಬಿತು. ಹುಡುಗರು ನಳದ ಹತ್ತಿರವೇ ನಿಂತು ನೋಡುತ್ತಿದ್ದರು, ನೀರು ಸುಮ್ಮನೆ ಹರಿಯುತ್ತಿತ್ತು.

ಬೇಲಿಯಾಚೆಯ ರಸ್ತೆಯಲ್ಲಿ ಹೆಲ್ಮೆಟ್ ಹಾಕಿಕೊಂಡ ಯಾರೋ ಸೈಕಲ್ ಗಂಟೆ ಬಾರಿಸುತ್ತ ಬರುತ್ತಿದ್ದರು. ಗಂಟೆ ನಡುವೆಯೇ ನಿಂತಿತು.